ಪುನರುಜ್ಜೀವನದ ಪಾಠದಲ್ಲಿ ಸುಸನ್ನಾ: ಧಾರ್ಮಿಕ ಚಿತ್ರವನ್ನು ಲಿಂಗತ್ವದ ದೃಷ್ಟಿಯಿಂದ ಓದುವ ಪಾಠ

ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಆಧುನಿಕ ಯುರೋಪಿನ ಅಧ್ಯಾಯ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿರುತ್ತವೆ. ಪುನರುಜ್ಜೀವನದ ಅರ್ಥ, ಕಾರಣಗಳು, ಲಕ್ಷಣಗಳು, ಕೊನೆಗೆ ಕಪ್ಪುಹಲಗೆಯ ಮೇಲೆ ಒಂದು ಪಟ್ಟಿ: ಲಿಯೊನಾರ್ಡೊ, ಮೈಕೆಲೆಂಜೆಲೊ, ರಾಫೆಲ್, ಪಕ್ಕದಲ್ಲಿ ಅವರ ಕೃತಿಗಳು. ಬೋಧನಾಭ್ಯಾಸದ ಅವಧಿಯಲ್ಲಿ ಇಂಥ ಒಂದು ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕಿಸುತ್ತಿದ್ದೆ. ಪಟ್ಟಿ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು, "ಟೀಚರ್, ಹೆಂಗಸರು ಯಾರೂ ಚಿತ್ರ ಬರೀತಿರ್ಲಿಲ್ವಾ?" ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, "ಆ ಕಾಲದಲ್ಲಿ ಹೆಂಗಸರಿಗೆ ಅವಕಾಶ ಇರಲಿಲ್ಲ, ಕೂತ್ಕೋ" ಎಂದರು. ಹುಡುಗಿ ಕುಳಿತಳು. ಪಾಠ ಮತಸುಧಾರಣೆಗೆ ಮುಂದುವರಿಯಿತು.

ಆ ಉತ್ತರದಲ್ಲಿ ಅರ್ಧ ಸತ್ಯವಿತ್ತು. ಅವಕಾಶ ಬಹಳ ಕಡಿಮೆ ಇತ್ತು, ನಿಜ. ಆದರೆ ಚಿತ್ರ ಬರೆದವರು ಇದ್ದರು. ಮುಂದಿನ ಹದಿನೈದು ದಿನ ಆ ಪ್ರಶಿಕ್ಷಣಾರ್ಥಿ ಮತ್ತು ನಾನು ಸೇರಿ ಎರಡು ಅವಧಿಗಳ ಒಂದು ಪಾಠ ಸಿದ್ಧಪಡಿಸಿದೆವು. ಅದರ ವಿಷಯ, ಕ್ರಮ, ಮತ್ತು ತರಗತಿಯಲ್ಲಿ ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

1. ಶಿಕ್ಷಕರು ಮೊದಲು ತಿಳಿದಿರಬೇಕಾದ ಹಿನ್ನೆಲೆ

ಹದಿನಾರನೇ ಶತಮಾನದ ಇಟಲಿಯಲ್ಲಿ ಚಿತ್ರ ಬರೆಸುವವರಲ್ಲಿ ಚರ್ಚು, ಮಠಗಳು ಮತ್ತು ಶ್ರೀಮಂತ ಮನೆತನಗಳು ಮುಖ್ಯವಾಗಿದ್ದವು. ಬಹುಪಾಲು ಚಿತ್ರಗಳ ವಸ್ತು ಬೈಬಲ್ ಮತ್ತು ಸಂತರ ಕಥೆಗಳು. ಓದು ಬಾರದ ಜನರಿಗೆ ಚಿತ್ರವೇ ಧರ್ಮೋಪದೇಶ. ಪ್ರಾಟೆಸ್ಟೆಂಟರು ಚರ್ಚಿನ ವಿಗ್ರಹ ಮತ್ತು ಚಿತ್ರಗಳನ್ನು ಟೀಕಿಸಿದಾಗ ಕ್ಯಾಥೊಲಿಕ್ ಚರ್ಚು ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನದಲ್ಲಿ, 1563ರ ಡಿಸೆಂಬರಿನಲ್ಲಿ, ಚಿತ್ರಗಳ ಬಗ್ಗೆ ಒಂದು ಆಜ್ಞೆ ಹೊರಡಿಸಿತು. ಪವಿತ್ರ ಚಿತ್ರಗಳು ಇರಲಿ, ಅವು ಜನರಿಗೆ ಕಲಿಸಲಿ, ಆದರೆ ಅವುಗಳಲ್ಲಿ ಕಾಮಪ್ರಚೋದಕವಾದ ಚೆಲುವು ಇರಕೂಡದು ಎಂಬುದು ಅದರ ಸಾರ. ಇದಾದ ಮೇಲೆ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಮೈಕೆಲೆಂಜೆಲೊ ಬರೆದಿದ್ದ 'ಅಂತಿಮ ತೀರ್ಪು' ಚಿತ್ರದ ನಗ್ನ ಆಕೃತಿಗಳ ಮೇಲೆ ಬಟ್ಟೆ ಬರೆಯುವ ಕೆಲಸವನ್ನು ಡ್ಯಾನಿಯೆಲೆ ದ ವೊಲ್ಟೆರ್ರಾ ಎಂಬ ಕಲಾವಿದನಿಗೆ ವಹಿಸಲಾಯಿತು. ದೇಹವನ್ನು ಹೇಗೆ ತೋರಿಸಬೇಕು ಎಂಬುದು ಆಗ ಧರ್ಮದ ಪ್ರಶ್ನೆಯೂ ಆಗಿತ್ತು ಎಂದು ತೋರಿಸಲು ಇದೊಂದು ಉದಾಹರಣೆ ಸಾಕು.

ಹೆಣ್ಣುಮಕ್ಕಳಿಗೆ ಇದ್ದ ತಡೆ ಎಲ್ಲಿತ್ತು? ಪ್ರತಿಭೆಯಲ್ಲಲ್ಲ, ತರಬೇತಿಯಲ್ಲಿ. ಹುಡುಗರು ಚಿಕ್ಕ ವಯಸ್ಸಿನಲ್ಲೇ ಗುರುವಿನ ಕಾರ್ಯಾಗಾರ ಸೇರಿ, ಬಣ್ಣ ಅರೆಯುವುದರಿಂದ ಆರಂಭಿಸಿ, ಜೀವಂತ ಮಾದರಿಗಳನ್ನು ನೋಡಿ ಮಾನವ ದೇಹ ಬರೆಯುವುದನ್ನು ಕಲಿಯುತ್ತಿದ್ದರು. ಹುಡುಗಿಯರಿಗೆ ಆ ಬಾಗಿಲು ಮುಚ್ಚಿತ್ತು. ಅವರಿಗೆ ಉಳಿದದ್ದು ಮುಖ್ಯವಾಗಿ ಎರಡು ದಾರಿ: ತಂದೆಯೇ ಕಲಾವಿದನಾಗಿದ್ದರೆ ಮನೆ, ಇಲ್ಲವಾದರೆ ಸನ್ಯಾಸಿನಿಯರ ಮಠ.

ಮಠದ ದಾರಿಗೆ ಒಳ್ಳೆಯ ಉದಾಹರಣೆ ಫ್ಲಾರೆನ್ಸಿನ ಪ್ಲೌಟಿಲ್ಲಾ ನೆಲ್ಲಿ (1524–1588). ಡೊಮಿನಿಕನ್ ಸನ್ಯಾಸಿನಿಯಾಗಿದ್ದ ಆಕೆ ತನ್ನ ಮಠದ ಊಟದ ಮನೆಗಾಗಿ ಸುಮಾರು ಏಳು ಮೀಟರ್ ಅಗಲದ 'ಕೊನೆಯ ಭೋಜನ' ಚಿತ್ರ ಬರೆದಳು. ಕ್ರಿಸ್ತ ಮತ್ತು ಹನ್ನೆರಡು ಶಿಷ್ಯರು, ಆಳೆತ್ತರದ ಹದಿಮೂರು ಗಂಡಸರು. ಚಿತ್ರದ ಮೇಲೆ ತನ್ನ ಹೆಸರು ಬರೆದು, ಚಿತ್ರಕಾರ್ತಿಗಾಗಿ ಪ್ರಾರ್ಥಿಸಿ ಎಂದು ಕೋರಿಕೊಂಡಳು. ದುರಸ್ತಿಯ ಬಳಿಕ 2019ರಿಂದ ಅದು ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ವಸ್ತುಸಂಗ್ರಹಾಲಯದಲ್ಲಿದೆ. ಆಕೆಯ ಕಾಲದವನೇ ಆದ ವಸಾರಿ, ಕಲಾವಿದರ ಜೀವನಚರಿತ್ರೆಗಳ ತನ್ನ ಗ್ರಂಥದಲ್ಲಿ, ಗಂಡಸರಂತೆ ಜೀವಂತ ಮಾದರಿಗಳನ್ನು ನೋಡಿ ಕಲಿಯುವ ಅನುಕೂಲ ಸಿಕ್ಕಿದ್ದರೆ ಆಕೆ ಅದ್ಭುತಗಳನ್ನು ಮಾಡುತ್ತಿದ್ದಳು ಎಂಬರ್ಥದ ಮಾತು ಬರೆದಿದ್ದಾನೆ. 'ಅವಕಾಶ ಇರಲಿಲ್ಲ' ಎಂದು ಹೇಳುವುದಾದರೆ ಹೀಗೆ ಹೇಳಬೇಕು: ಯಾವ ಅವಕಾಶ, ಯಾರಿಗೆ, ಆದರೂ ಯಾರು ಏನು ಮಾಡಿದರು.

ತಂದೆಯ ಮನೆಯ ದಾರಿಗೆ ಉದಾಹರಣೆ ನಮ್ಮ ಪಾಠದ ಕೇಂದ್ರ: ರೋಮಿನಲ್ಲಿ 1593ರಲ್ಲಿ ಹುಟ್ಟಿದ ಆರ್ಟಿಮೀಸಿಯಾ ಜೆಂಟಿಲೆಸ್ಕಿ. ತಂದೆ ಒರಾಝಿಯೊ ಹೆಸರಾಂತ ಚಿತ್ರಕಾರ. ಆಕೆ 1610ರಲ್ಲಿ, ಹದಿನೇಳರ ಆಸುಪಾಸಿನಲ್ಲಿ, ಹೆಸರು ಮತ್ತು ಇಸವಿ ಹಾಕಿದ ಚಿತ್ರ 'ಸುಸನ್ನಾ ಮತ್ತು ಹಿರಿಯರು'. ಈಗ ಅದು ಜರ್ಮನಿಯ ಪೊಮ್ಮರ್ಸ್‌ಫೆಲ್ಡನ್ನಿನಲ್ಲಿದೆ. ಬರೆಯುವಾಗ ತಂದೆಯ ನೆರವು ಎಷ್ಟಿತ್ತು ಎಂಬ ಚರ್ಚೆ ವಿದ್ವಾಂಸರಲ್ಲಿದೆ.

2. ಸುಸನ್ನಾಳ ಕಥೆ

ಇದು ದಾನಿಯೇಲನ ಗ್ರಂಥದ ಗ್ರೀಕ್ ಪಾಠದಲ್ಲಿ ಬರುವ ಕಥೆ. ಕ್ಯಾಥೊಲಿಕ್ ಬೈಬಲಿನಲ್ಲಿ ಹದಿಮೂರನೇ ಅಧ್ಯಾಯವಾಗಿದೆ. ಪ್ರಾಟೆಸ್ಟೆಂಟರು ಇದನ್ನು ಬೈಬಲಿನ ಮುಖ್ಯ ಭಾಗವೆಂದು ಒಪ್ಪುವುದಿಲ್ಲ. ಆದ್ದರಿಂದ ತರಗತಿಯ ಕ್ರೈಸ್ತ ಮಕ್ಕಳಲ್ಲೂ ಕೆಲವರಿಗೆ ಗೊತ್ತಿರುತ್ತದೆ, ಕೆಲವರಿಗೆ ಇರುವುದಿಲ್ಲ.

ಬಾಬಿಲೋನಿನಲ್ಲಿದ್ದ ಯೆಹೂದಿ ಸಿರಿವಂತನೊಬ್ಬನ ಹೆಂಡತಿ ಸುಸನ್ನಾ. ನ್ಯಾಯಾಧೀಶರಾಗಿದ್ದ ಇಬ್ಬರು ಹಿರಿಯರು ಅವರ ಮನೆಗೆ ಬಂದು ಹೋಗುತ್ತಿದ್ದರು. ಒಂದು ದಿನ ಆಕೆ ತೋಟದಲ್ಲಿ ಸ್ನಾನಕ್ಕೆಂದು ಸೇವಕಿಯರನ್ನು ಹೊರಗೆ ಕಳಿಸಿದಾಗ ಅಡಗಿ ಕುಳಿತಿದ್ದ ಈ ಇಬ್ಬರು ಎದುರಿಗೆ ಬಂದು ಬೆದರಿಸಿದರು: ನಮ್ಮ ಮಾತು ಕೇಳು, ಇಲ್ಲವಾದರೆ ನೀನು ಒಬ್ಬ ಯುವಕನ ಜೊತೆ ಇದ್ದೆ ಎಂದು ಸಾಕ್ಷಿ ಹೇಳುತ್ತೇವೆ. ಆಕೆ ಒಪ್ಪದೆ ಕೂಗಿಕೊಂಡಳು. ಮರುದಿನ ಸಭೆ ಸೇರಿತು. ಹೇಳುತ್ತಿರುವವರು ಹಿರಿಯರು, ನ್ಯಾಯಾಧೀಶರು. ಸಭೆ ಅವರನ್ನು ನಂಬಿ ಸುಸನ್ನಾಳಿಗೆ ಮರಣದಂಡನೆ ವಿಧಿಸಿತು. ಆಗ ದಾನಿಯೇಲನೆಂಬ ಹುಡುಗ ಎದ್ದು ನಿಂತು, ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಯಾವ ಮರದ ಕೆಳಗೆ ಅವರನ್ನು ನೋಡಿದಿರಿ ಎಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು. ಸುಳ್ಳು ಬಯಲಾಯಿತು.

ಈ ಕಥೆಯ ತಿರುಳು ಸ್ನಾನವಲ್ಲ. ಅಧಿಕಾರದಲ್ಲಿರುವವರ ಬೆದರಿಕೆ, ಸುಳ್ಳು ಸಾಕ್ಷಿ, ನಂಬುವ ಸಭೆ ಮತ್ತು ಸರಿಯಾದ ವಿಚಾರಣೆ, ಇವೇ ತಿರುಳು. ರೋಮಿನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಆದಿ ಕ್ರೈಸ್ತರು ಬರೆದ ಸುಸನ್ನಾ ಚಿತ್ರಗಳಿವೆ. ಅಲ್ಲಿ ಆಕೆ ಉಡುಪು ತೊಟ್ಟು ಪ್ರಾರ್ಥಿಸುವ ನಿರಪರಾಧಿ. ಹದಿನಾರನೇ ಶತಮಾನದ ಹೊತ್ತಿಗೆ ಚಿತ್ರಕಾರರು ಹೆಚ್ಚಾಗಿ ಆರಿಸಿಕೊಂಡದ್ದು ಸ್ನಾನದ ಕ್ಷಣವನ್ನು. ಧರ್ಮಗ್ರಂಥದ ಕಥೆ ಎಂಬ ಹೆಸರಿನಲ್ಲಿ ಶ್ರೀಮಂತರ ಮನೆಯ ಗೋಡೆಗೆ ನಗ್ನ ಚಿತ್ರ ಬರಲು ಇದೊಂದು ದಾರಿಯಾಯಿತು.

3. ಎರಡು ಚಿತ್ರ, ಎರಡು ನೋಟ

ವೆನಿಸ್ಸಿನ ಟಿಂಟೊರೆಟ್ಟೊ 1550ರ ದಶಕದ ನಡುವೆ ಬರೆದ ಸುಸನ್ನಾ ಚಿತ್ರ ಈಗ ವಿಯೆನ್ನಾದ ಕಲಾ ಸಂಗ್ರಹಾಲಯದಲ್ಲಿದೆ. ಸೊಂಪಾದ ತೋಟ, ಗುಲಾಬಿ ಬೇಲಿ, ಆಭರಣಗಳು. ಬೆಳಕೆಲ್ಲ ಸುಸನ್ನಾಳ ಮೈಮೇಲೆ. ಆಕೆ ನೆಮ್ಮದಿಯಿಂದ ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಬೇಲಿಯ ತುದಿಯಲ್ಲಿ ನೆಲಕ್ಕೆ ಬಾಗಿದ ಬೋಳುತಲೆಯ ಮುದುಕ ಇಣುಕುತ್ತಿದ್ದಾನೆ, ಇನ್ನೊಬ್ಬ ದೂರದ ತುದಿಯಲ್ಲಿದ್ದಾನೆ. ಆಕೆಗೆ ಇನ್ನೂ ಏನೂ ಗೊತ್ತಿಲ್ಲ. ನೋಡುವವರಾದ ನಾವು ಎಲ್ಲಿ ನಿಂತಿದ್ದೇವೆ ಎಂದು ಕೇಳಿಕೊಂಡರೆ ಉತ್ತರ ಮುಜುಗರದ್ದು: ನಾವೂ ಆಕೆಗೆ ತಿಳಿಯದಂತೆ ನೋಡುತ್ತಿರುವವರೇ.

ಆರ್ಟಿಮೀಸಿಯಾಳ ಚಿತ್ರದಲ್ಲಿ ತೋಟವಿಲ್ಲ, ಕನ್ನಡಿಯಿಲ್ಲ. ಗಟ್ಟಿ ಕಲ್ಲಿನ ಆಸನ, ಬೆನ್ನ ಹಿಂದೆ ಕಲ್ಲಿನ ಗೋಡೆ. ಗೋಡೆಯ ಮೇಲಿನಿಂದ ಇಬ್ಬರೂ ಒಂದೇ ಮುದ್ದೆಯಂತೆ ಆಕೆಯ ಮೇಲೆ ಬಾಗಿದ್ದಾರೆ. ಒಬ್ಬ ತುಟಿಯ ಮೇಲೆ ಬೆರಳಿಟ್ಟು 'ಸುಮ್ಮನಿರು' ಎನ್ನುತ್ತಿದ್ದಾನೆ, ಇನ್ನೊಬ್ಬ ಅವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಾನೆ. ಸುಸನ್ನಾಳ ಮೈ ತಿರುಚಿಕೊಂಡಿದೆ, ಮುಖ ನೋವಿನಿಂದ ಆಚೆ ಹೊರಳಿದೆ, ಎರಡೂ ಕೈಗಳು ಅವರನ್ನು ತಡೆಯಲು ಮೇಲೆದ್ದಿವೆ. ಆಕೆಯೂ ನಗ್ನಳೇ. ಆದರೆ ಚಿತ್ರದ ವಿಷಯ ಆಕೆಯ ಚೆಲುವಲ್ಲ, ಆಕೆಗೆ ಬಂದ ಸಂಕಟ. ಒಂದೇ ಕಥೆಯ ಎರಡು ಕ್ಷಣಗಳನ್ನು ಇಬ್ಬರು ಆರಿಸಿಕೊಂಡಿದ್ದಾರೆ. ಇಣುಕುವ ಕ್ಷಣವನ್ನು ಒಬ್ಬ, ಬೆದರಿಸುವ ಕ್ಷಣವನ್ನು ಒಬ್ಬಳು.

4. ಪಾಠದ ಯೋಜನೆ

ಉದ್ದೇಶಗಳು: ವಿದ್ಯಾರ್ಥಿಗಳು (ಅ) ಪುನರುಜ್ಜೀವನ ಮತ್ತು ನಂತರದ ಕಾಲದ ಕಲೆಯಲ್ಲಿ ಚರ್ಚಿನ ಪಾತ್ರವನ್ನು ವಿವರಿಸುವರು, (ಆ) ಚಿತ್ರದಲ್ಲಿ ಕಂಡದ್ದನ್ನೂ ತಾವು ಊಹಿಸಿದ್ದನ್ನೂ ಬೇರ್ಪಡಿಸುವರು, (ಇ) ಮಹಿಳಾ ಕಲಾವಿದರಿಗಿದ್ದ ತಡೆಗಳನ್ನು ಕಾರಣಸಹಿತ ಹೇಳುವರು, (ಈ) ಕಾಲಾನುಕ್ರಮವನ್ನು ಬಳಸಿ ಒಂದು ಹೇಳಿಕೆಯನ್ನು ಪರೀಕ್ಷಿಸುವರು.

ಬೋಧನೋಪಕರಣಗಳು: ಎರಡು ಚಿತ್ರಗಳ ಆಯ್ದ ಭಾಗಗಳ ದೊಡ್ಡ ಮುದ್ರಿತ ಪ್ರತಿಗಳು, ಕಾಲರೇಖೆಯ ಪಟ್ಟಿ, ಇಟಲಿಯ ನಕ್ಷೆ.

ಮೊದಲ ಅವಧಿ. ಕಥೆಯನ್ನು ತೀರ್ಪಿನವರೆಗೆ ಮಾತ್ರ ಹೇಳಿ ನಿಲ್ಲಿಸಬೇಕು. 'ನೀವು ಆ ಸಭೆಯಲ್ಲಿ ಇದ್ದಿದ್ದರೆ ಏನು ಕೇಳುತ್ತಿದ್ದಿರಿ?' ನಮ್ಮ ತರಗತಿಯಲ್ಲಿ ಮೂರನೇ ಉತ್ತರಕ್ಕೇ 'ಇಬ್ಬರನ್ನೂ ಬೇರೆ ಬೇರೆ ಕೇಳ್ಬೇಕು' ಎಂಬುದು ಬಂತು. ದಾನಿಯೇಲನ ಜಾಣ್ಮೆಯನ್ನು ಮಕ್ಕಳೇ ಕಂಡುಕೊಂಡ ಮೇಲೆ ಕಥೆ ಮುಗಿಸಬಹುದು. ಒಂದು ಹುಡುಗಿ ನಾವು ಯೋಜಿಸದಿದ್ದ ಪ್ರಶ್ನೆ ಕೇಳಿದಳು: "ಅವಳನ್ನ ಯಾಕೆ ಯಾರೂ ಏನಾಯ್ತು ಅಂತ ಕೇಳ್ಲಿಲ್ಲ?" ಇದನ್ನು ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಬರೆದು ಪಾಠ ಮುಗಿಯುವವರೆಗೂ ಅಳಿಸಲಿಲ್ಲ.

ನಂತರ ಕಲಾವಿದರ ಹೆಸರು ಹೇಳದೆ ಚಿತ್ರಗಳನ್ನು ತೋರಿಸುವುದು. ಹಲಗೆಯ ಮೇಲೆ ಮೂರು ಕಲಮು: ಏನು ಕಾಣುತ್ತದೆ, ಅದರಿಂದ ಏನು ಅನಿಸುತ್ತದೆ, ಹಾಗೆನ್ನಲು ಆಧಾರವೇನು. 'ಅವಳಿಗೆ ಹೆದರಿಕೆ ಆಗಿದೆ' ಎಂದು ಯಾರಾದರೂ ಹೇಳಿದರೆ ಅದು ಎರಡನೇ ಕಲಮಿಗೆ. ಮೊದಲನೆಯದಕ್ಕೆ ಏನು ಬರೆಯೋಣ ಎಂದು ಕೇಳಿದಾಗ 'ಕೈ ಎತ್ತಿದ್ದಾಳೆ, ಮುಖ ತಿರುಗಿಸಿದ್ದಾಳೆ' ಎಂಬ ಉತ್ತರ ಬರುತ್ತದೆ. ಈ ಒಂದು ಅಭ್ಯಾಸಕ್ಕಾಗಿಯೇ ಅವಧಿಯ ಅರ್ಧ ಹೊತ್ತು ಕೊಡುವುದು ಸಾರ್ಥಕ. ತುಟಿಯ ಮೇಲಿನ ಬೆರಳನ್ನು ಮಕ್ಕಳು ಬಹಳ ಬೇಗ ಗುರುತಿಸಿದರು. ಅದರ ಅರ್ಥವನ್ನು ಯಾರಿಗೂ ವಿವರಿಸಬೇಕಾಗಲಿಲ್ಲ.

ಎರಡನೇ ಅವಧಿ. ಈಗ ಹೆಸರುಗಳು, ಕಾಲರೇಖೆ, ಪ್ಲೌಟಿಲ್ಲಾ ನೆಲ್ಲಿ, ತರಬೇತಿಯ ತಡೆಗಳು. ನಾವು ಎಡವಿದ್ದು ಇಲ್ಲೇ.

5. ನಮ್ಮ ತಪ್ಪು

ಆರ್ಟಿಮೀಸಿಯಾಳ ಜೀವನದಲ್ಲಿ ನಡೆದ ಒಂದು ಘಟನೆ ಬಹಳ ಪ್ರಸಿದ್ಧ. 1611ರಲ್ಲಿ ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಅಗೊಸ್ಟಿನೊ ಟಾಸ್ಸಿ ಎಂಬ ಚಿತ್ರಕಾರ ಆಕೆಯ ಮೇಲೆ ಅತ್ಯಾಚಾರ ಮಾಡಿದ. 1612ರಲ್ಲಿ ತಂದೆ ಪೋಪ್ ಐದನೇ ಪಾಲ್‌ಗೆ ದೂರು ಕೊಟ್ಟ. ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಆಕೆ ಹೇಳುತ್ತಿರುವುದು ನಿಜವೇ ಎಂದು ಪರೀಕ್ಷಿಸಲು ಬೆರಳುಗಳಿಗೆ ಹುರಿ ಸುತ್ತಿ ಬಿಗಿಯಲಾಯಿತು. ಚಿತ್ರ ಬರೆಯುವವಳ ಬೆರಳುಗಳು. ಆಕೆ ಮಾತು ಬದಲಿಸಲಿಲ್ಲ. ಟಾಸ್ಸಿ ತಪ್ಪಿತಸ್ಥನೆಂದು ತೀರ್ಪಾಯಿತು, ಆದರೆ ರೋಮಿನಿಂದ ಗಡೀಪಾರಿನ ಶಿಕ್ಷೆ ಸರಿಯಾಗಿ ಜಾರಿಯಾಗಲಿಲ್ಲ. ವಿಚಾರಣೆಯ ದಾಖಲೆಗಳು ರೋಮಿನ ಪತ್ರಾಗಾರದಲ್ಲಿ ಇಂದಿಗೂ ಇವೆ.

ನಮ್ಮ ಪ್ರಶಿಕ್ಷಣಾರ್ಥಿ ಇದನ್ನು ಓದಿ ಮನಸ್ಸು ಕಲಕಿಕೊಂಡಿದ್ದರು. ತರಗತಿಯಲ್ಲಿ, "ತನ್ನ ಮೇಲೆ ನಡೆದ ಅನ್ಯಾಯದ ನೋವನ್ನೇ ಆಕೆ ಸುಸನ್ನಾಳ ಮುಖದಲ್ಲಿ ಬರೆದಳು" ಎಂದರು. ಯೋಜನೆ ತಿದ್ದುವಾಗ ನಾನೂ ಆ ವಾಕ್ಯದ ಪಕ್ಕ ಸರಿ ಗುರುತು ಹಾಕಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಕಾಲರೇಖೆ ತೋರಿಸಿ, "ಮಿಸ್, ಚಿತ್ರ 1610, ಅದು ಆಗಿದ್ದು 1611. ಚಿತ್ರ ಮೊದಲು ಬಂದಿದೆಯಲ್ಲ?" ಎಂದ.

ತರಗತಿ ನಿಶ್ಶಬ್ದವಾಯಿತು. ಪ್ರಶಿಕ್ಷಣಾರ್ಥಿ ಹಲಗೆಯತ್ತ ತಿರುಗಿ ಎರಡೂ ಇಸವಿಗಳನ್ನು ನೋಡಿ, "ನೀನು ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು" ಎಂದರು. ಆಮೇಲೆ ಅದನ್ನೇ ಪ್ರಶ್ನೆಯಾಗಿ ಇಟ್ಟರು: "ಹಾಗಾದರೆ ಇಂಥ ಚಿತ್ರ ಬರೆಯಲು ಆಕೆಗೆ ಹೇಗೆ ಸಾಧ್ಯವಾಯಿತು?" ಬೆದರಿಕೆ ಏನೆಂದು ತಿಳಿಯಲು ಎಲ್ಲ ಹುಡುಗಿಯರಿಗೂ ಅಷ್ಟು ದೊಡ್ಡ ಘಟನೆ ಬೇಕಿಲ್ಲ ಎಂದು ಒಬ್ಬಳು ಹೇಳಿದಳು. ಕಥೆಯನ್ನೇ ಸರಿಯಾಗಿ ಓದಿರಬೇಕು ಎಂದ ಒಬ್ಬ. ಚೆನ್ನಾಗಿ ಕಲಿತಿದ್ದಳು ಎಂದು ಇನ್ನೊಬ್ಬ. ಮೂರೂ ಹಲಗೆಗೆ ಏರಿದವು, ಮೂರೂ ಎರಡನೇ ಕಲಮಿನಲ್ಲಿ.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗಂಡು ಕಲಾವಿದನ ಚಿತ್ರದ ಬಗ್ಗೆ ಮಾತಾಡುವಾಗ ನಾವು ಅವನ ಕೌಶಲ, ಬೆಳಕು, ರಚನೆ ಹೇಳುತ್ತೇವೆ. ಹೆಣ್ಣು ಬರೆದಾಗ ಅವಳ ನೋವನ್ನು ಹುಡುಕುತ್ತೇವೆ. ಅವಳ ಕಲಿಕೆ, ಓದು, ಆಯ್ಕೆ ಎಲ್ಲವೂ ಒಂದು ಘಟನೆಯ ಹಿಂದೆ ಮರೆಯಾಗುತ್ತವೆ. ಸಹಾನುಭೂತಿಯಿಂದಲೇ ಮಾಡಿದರೂ ಇದು ಅನ್ಯಾಯ. ವಿಚಾರಣೆಯ ನಂತರ ಆಕೆ ಫ್ಲಾರೆನ್ಸಿಗೆ ಹೋಗಿ 1616ರಲ್ಲಿ ಅಲ್ಲಿನ ಕಲಾ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯಾದಳು. ಗೆಲಿಲಿಯೊನ ಪರಿಚಯ ಗಳಿಸಿದಳು, ಮೆಡಿಚಿ ಮನೆತನಕ್ಕೂ ಮುಂದೆ ಇಂಗ್ಲೆಂಡಿನ ರಾಜಮನೆತನಕ್ಕೂ ಚಿತ್ರ ಬರೆದಳು. ಆಕೆಯ ಬಗ್ಗೆ ಒಂದು ವಾಕ್ಯವಷ್ಟೇ ಹೇಳಲು ಸಮಯವಿದ್ದರೆ ಅದು ಈ ವಾಕ್ಯವಾಗಿರಲಿ.

6. ವಿಸ್ತರಣೆಗೆ: ಜುಡಿತಳ ವಿಗ್ರಹ

ಸಮಯ ಉಳಿದರೆ ಇದನ್ನು ಸೇರಿಸಬಹುದು. ತನ್ನ ಊರನ್ನು ಮುತ್ತಿದ ಸೇನಾಪತಿ ಹೊಲೊಫರ್ನಿಸನ ತಲೆ ಕಡಿದ ವಿಧವೆ ಜುಡಿತಳ ಕಂಚಿನ ವಿಗ್ರಹವನ್ನು ಡೊನಾಟೆಲ್ಲೊ ಮಾಡಿದ್ದ. ಮೆಡಿಚಿಗಳನ್ನು ಓಡಿಸಿದ ಬಳಿಕ 1495ರಲ್ಲಿ ಫ್ಲಾರೆನ್ಸಿನ ಗಣರಾಜ್ಯ ಅದನ್ನು ಸರ್ಕಾರದ ಅರಮನೆಯ ಎದುರು ನಿಲ್ಲಿಸಿತು. ನಿರಂಕುಶರಿಗೆ ಅದು ಎಚ್ಚರಿಕೆ. 1504ರಲ್ಲಿ ಮೈಕೆಲೆಂಜೆಲೊನ ಡೇವಿಡ್ ವಿಗ್ರಹವನ್ನು ಎಲ್ಲಿಡಬೇಕೆಂದು ಸಭೆ ಸೇರಿದಾಗ ಸರ್ಕಾರದ ಅಧಿಕಾರಿಯೊಬ್ಬ, ಹೆಣ್ಣು ಗಂಡನ್ನು ಕೊಲ್ಲುವ ವಿಗ್ರಹ ಅಲ್ಲಿರುವುದು ಶೋಭೆಯಲ್ಲ, ಅದು ಅಪಶಕುನ ಎಂದು ವಾದಿಸಿದ. ಜುಡಿತಳ ಜಾಗಕ್ಕೆ ಡೇವಿಡ್ ಬಂದ. ಇಬ್ಬರೂ ಬೈಬಲಿನವರು, ಇಬ್ಬರೂ ಬಲಶಾಲಿ ಶತ್ರುವಿನ ತಲೆ ಕಡಿದವರು. 'ಹಾಗಾದರೆ ವ್ಯತ್ಯಾಸವೇನು?' ಎಂದು ಕೇಳಿ ಸುಮ್ಮನಾದರೆ ಸಾಕು, ಚರ್ಚೆ ತಾನಾಗಿ ನಡೆಯುತ್ತದೆ.

7. ಮೂರು ಎಚ್ಚರಿಕೆಗಳು

ನಗ್ನತೆ: ಒಂಬತ್ತನೇ ತರಗತಿಗೆ ನಾವು ಪೂರ್ತಿ ಚಿತ್ರ ತೋರಿಸಲಿಲ್ಲ. ಆರ್ಟಿಮೀಸಿಯಾಳ ಚಿತ್ರದಲ್ಲಿ ಇಬ್ಬರು ಹಿರಿಯರು ಹಾಗೂ ಸುಸನ್ನಾಳ ಮುಖ ಮತ್ತು ಎತ್ತಿದ ಕೈಗಳು, ಟಿಂಟೊರೆಟ್ಟೊ ಚಿತ್ರದಲ್ಲಿ ಮುಖ, ಕನ್ನಡಿ, ಇಣುಕುವ ತಲೆ, ಇಷ್ಟೇ ಭಾಗಗಳನ್ನು ಬೇರೆ ಬೇರೆಯಾಗಿ ಮುದ್ರಿಸಿದೆವು. 'ನಾವೂ ವೊಲ್ಟೆರ್ರಾ ಮಾಡಿದ್ದನ್ನೇ ಮಾಡಿದ ಹಾಗಾಯಿತಲ್ಲ?' ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಇದು ಚಿತ್ರದ ಒಂದು ಭಾಗ, ಉಳಿದದ್ದನ್ನು ನಾವು ಬಿಟ್ಟಿದ್ದೇವೆ ಎಂದು ಮಕ್ಕಳಿಗೆ ಮೊದಲೇ ಹೇಳಿದೆವು. ಬಿಟ್ಟದ್ದನ್ನು ಬಿಟ್ಟಿದ್ದೇವೆ ಎಂದು ಹೇಳುವುದೇ ವ್ಯತ್ಯಾಸ. ಯೋಜನೆಯನ್ನು ಮುಖ್ಯ ಶಿಕ್ಷಕರಿಗೂ ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕು.

ಧರ್ಮ: 'ಕ್ರೈಸ್ತ ಧರ್ಮದಲ್ಲಿ ಹೆಂಗಸರಿಗೆ ಹೀಗೆ' ಎಂಬ ತೀರ್ಮಾನಕ್ಕೆ ಪಾಠ ಜಾರಬಾರದು. ಇಲ್ಲಿ ಧರ್ಮಗ್ರಂಥದ ಕಥೆಯೇ ಸುಸನ್ನಾಳ ಪರವಾಗಿದೆ. ಆ ಕಥೆಯನ್ನು ಬರೆದವರು, ಬರೆಸಿದವರು ಏನನ್ನು ಆರಿಸಿಕೊಂಡರು ಎಂಬುದು ನಮ್ಮ ಪ್ರಶ್ನೆ.

ಮಕ್ಕಳ ಸುರಕ್ಷತೆ: ಇದು ಅತಿ ಮುಖ್ಯ. 'ಸುಮ್ಮನಿರು' ಎನ್ನುವ ಬೆರಳು ಯಾವ ಮಗುವಿಗೆ ಏನನ್ನು ನೆನಪಿಸುತ್ತದೋ ನಮಗೆ ತಿಳಿಯದು. 1611ರ ಘಟನೆಯನ್ನು ಒಂದು ನೇರ ವಾಕ್ಯದಲ್ಲಿ ಹೇಳಬೇಕು, ವಿವರಿಸಬಾರದು. ಸ್ವಂತ ಅನುಭವ ಹೇಳಿ ಎಂದು ಯಾರನ್ನೂ ಕೇಳಬಾರದು. ಪಾಠದ ನಂತರ ಯಾವುದಾದರೂ ಮಗು ತಾನಾಗಿ ಬಂದು ಏನನ್ನಾದರೂ ಹೇಳಿದರೆ ಸಮಾಧಾನದಿಂದ ಕೇಳಬೇಕು, ಅನುಮಾನದ ಪ್ರಶ್ನೆ ಹಾಕಬಾರದು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಪ್ರಶಿಕ್ಷಣಾರ್ಥಿ ಕೂಡ ಇದಕ್ಕೆ ಹೊರತಲ್ಲ. ಶಾಲೆಯ ಮುಖ್ಯಸ್ಥರಿಗೂ ಮಾರ್ಗದರ್ಶಕ ಅಧ್ಯಾಪಕರಿಗೂ ತಕ್ಷಣ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ನ್ನು ಹಲಗೆಯ ಮೇಲೆ ಬರೆದಿಡುವುದು ಒಳ್ಳೆಯದು.

8. ಮೌಲ್ಯಮಾಪನ

ನಾವು ಕೊಟ್ಟ ಪ್ರಶ್ನೆಗಳು: (1) ಟ್ರೆಂಟ್ ಮಹಾಸಭೆ ಚಿತ್ರಗಳ ಬಗ್ಗೆ ಏನು ಹೇಳಿತು? (2) ಎರಡು ಸುಸನ್ನಾ ಚಿತ್ರಗಳಲ್ಲಿ ಕಾಣುವ ಮೂರು ವ್ಯತ್ಯಾಸ ಬರೆಯಿರಿ, ಊಹೆ ಬರೆಯಬೇಡಿ. (3) ಪ್ಲೌಟಿಲ್ಲಾ ನೆಲ್ಲಿಗೆ ಸಿಗದ ತರಬೇತಿ ಯಾವುದು? (4) 'ಆರ್ಟಿಮೀಸಿಯಾ ತನ್ನ ಮೇಲಾದ ಅನ್ಯಾಯವನ್ನು 1610ರ ಚಿತ್ರದಲ್ಲಿ ತೋರಿಸಿದಳು' ಎಂಬ ಹೇಳಿಕೆಯನ್ನು ಪರೀಕ್ಷಿಸಿ. (5) ನಿಮ್ಮ ಮನೆ ಅಥವಾ ಊರಿನಲ್ಲಿರುವ ಒಂದು ಧಾರ್ಮಿಕ ಚಿತ್ರವನ್ನು ನೋಡಿ ಮೂರು ಕಲಮು ತುಂಬಿಸಿ.

ಎರಡನೇ ಪ್ರಶ್ನೆಗೆ ಹೆಚ್ಚಿನವರು ಸರಿಯಾಗಿ ಬರೆದರು. ನಾಲ್ಕನೆಯದರಲ್ಲಿ ಹಲವರು 'ಹೇಳಿಕೆ ತಪ್ಪು' ಎಂದು ಬರೆದು ಕಾರಣ ಕೊಡಲಿಲ್ಲ. ಮುಂದಿನ ಬಾರಿ ಕಾಲರೇಖೆಯನ್ನು ಮಕ್ಕಳಿಂದಲೇ ಮಾಡಿಸಬೇಕೆಂದು ಅವಲೋಕನ ಪುಸ್ತಕದಲ್ಲಿ ಬರೆದುಕೊಂಡೆವು.

ಮೊದಲ ದಿನ ಪ್ರಶ್ನೆ ಕೇಳಿ ಕುಳಿತಿದ್ದ ಹುಡುಗಿಯ ಬಳಿ ಪ್ರಶಿಕ್ಷಣಾರ್ಥಿ ಹೋಗಿ, "ಅವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ" ಎಂದರು. ಆಕೆ ನಕ್ಕು, ನೋಟ್‌ಪುಸ್ತಕದಲ್ಲಿದ್ದ ಪುನರುಜ್ಜೀವನದ ಕಲಾವಿದರ ಪಟ್ಟಿ ತೋರಿಸಿದಳು. ರಾಫೆಲ್ ಹೆಸರಿನ ಕೆಳಗೆ ಆಗಲೇ ಎರಡು ಹೆಸರು ಸೇರಿದ್ದವು.